ಒದ್ದೆ ನಾರಿನ ತೋಳು

ಬೆಳೆಗೆ ಔಷಧಿ ಸಿಂಪಡಿಸುವ ಡ್ರೋನು ಬಿದ್ದರೆ ಊರಿಗೆಲ್ಲ ತಾಪತ್ರಯ. ಮೋಟಾರು ಹೊರುವ ಅದರ ತೋಳು ಮುರಿದು, ಹೊಸದು ದೂರದಿಂದ ಬರುವವರೆಗೆ ಕೆಲಸ ನಿಲ್ಲುತ್ತದೆ. ಮುರಿದ ತೋಳಿನ ಗಾಜುನಾರಿನ ಚೂರು ಹೊಲದಲ್ಲಿ ಉಳಿದು ಬರಿಗಾಲಿಗೆ ಚುಚ್ಚುತ್ತದೆ. ಅದಕ್ಕೇ ನಮ್ಮ ಮಹಿಳಾ ಸಂಘದವರು ಸೆಣಬಿನ ನಾರಿನಿಂದ ತೋಳು ಮಾಡಲು ಹೊರಟರು. ಮೊದಲ ತೋಳು ಭಾರ ತಡೆದರೆ ಮಾತ್ರ ಕೆಲಸ ಮುಂದುವರಿಯುವುದು. ಅದನ್ನು ಮಾಡಲು ಆರಿಸಿದ್ದು ನನ್ನ ಅಕ್ಕನನ್ನು. ಸಂಘದ ತರಬೇತಿಯಲ್ಲಿ ಎಲ್ಲವನ್ನೂ ಬರೆದುಕೊಂಡವಳು ನಾನು; ಯಾರು ಮಾಡುತ್ತೀರಿ ಎಂದಾಗ ಕೈ ಎತ್ತಿದವಳು ಅವಳು.

ಹಗ್ಗ ಹೊಸೆಯುವ ಅಪ್ಪ ನಕ್ಕರು. "ನಾರು ಇರೋದು ದನ ಕಟ್ಟೋಕೆ ಕಣೇ. ಅದು ಹಾರೋದುಂಟಾ?"

"ಬರೀ ನಾರಲ್ಲಪ್ಪ. ರಾಳದ ಅಂಟು ಹಾಕಿ ಪದರ ಪದರವಾಗಿ ಅದುಮ್ತೀವಿ. ಹಗುರ, ಗಟ್ಟಿ, ನಮ್ಮ ಹೊಲದಲ್ಲೇ ಬೆಳೆಯುತ್ತೆ," ಎಂದಳು ಅಕ್ಕ.

ಎಲ್ಲ ನಾನು ಹೇಳಿಕೊಟ್ಟ ಮಾತು! ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಮರುದಿನ ಅಕ್ಕ ತೋಳಿನ ಅಚ್ಚಿಗೆ ಹಾಸುವ ನಾರು ಮೆತ್ತಗಾಗಲೆಂದು ಅದರ ಮೇಲೆ ನೀರು ಚಿಮುಕಿಸಿದಳು. ಹಗ್ಗ ಹೊಸೆಯುವ ಮನೆಯ ರೂಢಿ ಅದು. ತೇವವಿದ್ದರೆ ಅಂಟು ಹಿಡಿಯದು ಎಂದು ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ಪರೀಕ್ಷೆಯ ದಿನ ತೋಳಿಗೆ ಮರಳಿನ ಚೀಲ ತೂಗಿಹಾಕಿದರು. ಪದರ ಬಿಟ್ಟುಕೊಂಡು ಲಟಕ್ಕೆಂದು ಮುರಿಯಿತು.

"ನಾನು ಹೇಳಲಿಲ್ವಾ?" ಎಂದರು ಅಪ್ಪ.

"ಸಾಕು ಬಿಡ್ರಮ್ಮ, ಹಳೇ ತರದ್ದೇ ತರಿಸೋಣ," ಎಂದರು ಸಂಘದ ಅಧ್ಯಕ್ಷೆ.

"ನನ್ನ ಕೈಯೇ ಸರಿಯಿಲ್ಲ," ಎಂದು ಅಕ್ಕ ತಲೆ ತಗ್ಗಿಸಿದಳು.

ಅಕ್ಕ ಸೋಲಲಿ ಎಂದುಕೊಂಡಿದ್ದೆ. ಅವಳ ಜೊತೆ ಊರಿನ ನಾರೂ ಸೋಲುತ್ತದೆ ಎಂದು ಹೊಳೆದಿರಲಿಲ್ಲ.

"ಕೈ ಸರಿಯಾಗೇ ಇದೆ. ನಾರು ಒದ್ದೆಯಿತ್ತು," ಎಂದೆ. "ನನಗೆ ಗೊತ್ತಿತ್ತು. ಹೆಸರೆಲ್ಲ ನಿನಗೇ ಬರುತ್ತಲ್ಲ ಅಂತ ಹೊಟ್ಟೆಕಿಚ್ಚಿಗೆ ಹೇಳಲಿಲ್ಲ."

"ಅಯ್ಯೋ ಪಾಪಿ! ಇಷ್ಟು ಓದಿ ಬಾಯಿ ಎಲ್ಲಿ ಅಡ ಇಟ್ಟಿದ್ದೆ?" ಎಂದಳು ಅಕ್ಕ.

ಎರಡು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಆದರೆ ನಾರನ್ನು ಬಿಸಿಲಿಗೆ ಹರವಿದಳು. ನಾನು ಮಗುಚಿ ಹಾಕಿದೆ. ಹೊಸ ತೋಳು ಗಟ್ಟಿಯಾದ ಮೇಲೆ ತೇವ ಒಳಹೋಗದಂತೆ ಅಂಚಿಗೆಲ್ಲ ರಾಳ ಬಳಿದೆವು.

ಈ ಸಲ ತೋಳು ಚೀಲಕ್ಕೆ ಕೊಂಚ ಬಾಗಿತು, ಮುರಿಯಲಿಲ್ಲ. ಅಪ್ಪ ತಾವೇ ಇನ್ನೊಂದು ಚೀಲ ತೂಗಿಹಾಕಿದರು. ಆಗಲೂ ತಡೆಯಿತು.

"ಹಗ್ಗಕ್ಕೆ ನೀರು, ಇದಕ್ಕೆ ಬಿಸಿಲು. ನಾಳೆಯಿಂದ ನಾನೇ ನಾರು ಒಣಗಿಸಿ ಕೊಡ್ತೀನಿ," ಎಂದರು.

ಆ ತೋಳಿನಿಂದ ಹಾರುವ ಡ್ರೋನನ್ನು ಊರವರು 'ಅಕ್ಕನ ಡ್ರೋನು' ಎನ್ನುತ್ತಾರೆ. ನನಗೆ ಈಗಲೂ ಸ್ವಲ್ಪ ಉರಿಯುತ್ತದೆ.

ಅಕ್ಕತಂಗಿಯರೇ, ನಿಮ್ಮ ಊರಿನ ನಾರಿನಿಂದಲೂ ಡ್ರೋನಿನ ತೋಳು ಮಾಡಬಹುದು. ನಾರನ್ನು ಚೆನ್ನಾಗಿ ಒಣಗಿಸಿ, ಅಂಚು ಮುಚ್ಚಿ, ಭಾರ ತೂಗಿಹಾಕಿ ನೋಡಿದ ಮೇಲೆಯೇ ಹಾರಿಸಿ. ಪಕ್ಕದವಳ ನಾರು ಒದ್ದೆಯಿದ್ದರೆ ಕೂಡಲೇ ಹೇಳಿಬಿಡಿ. ಹೊಟ್ಟೆಕಿಚ್ಚು ಆಮೇಲೆ ಪಟ್ಟರಾಯಿತು.