ತಣ್ಣಗಿನ ಒಡ್ಡು

"ಕೈ ತೆಗಿಯೇ, ಕಾಗೆ ಮುಂಡೆ! ಮಣ್ಣು ಸವರ್ತಾಳೆ ನೋಡು, ಗಂಡನ ಮೈ ಸವರಿದಂಗೆ!"

ಗುತ್ತಿಗೆದಾರ ಗ್ರೋಸುವಿನ ಬೂಟು ಬೆರಳಿಗೆ ತಾಗುವ ಮೊದಲೇ ಝಂಫೀರಾ ಕೈ ಎಳೆದುಕೊಂಡಳು. ಅಷ್ಟರಲ್ಲಿ ಅಂಗೈಗೆ ತಿಳಿದುಹೋಗಿತ್ತು. ಒಡ್ಡು ತಣ್ಣಗಿದೆ.

ಅವಳದು ಊರವರು 'ಕಾಗೆ' ಎಂದು ಜರೆಯುವ, ಸುಣ್ಣ ಸುಡುವ ಕುಲ. ಸುಟ್ಟ ಸುಣ್ಣ ಬೆರೆತ ಹಸಿ ಮಣ್ಣು ಹಡೆದವಳ ಮೈಯಂತೆ ಬೆಚ್ಚಗಿರಬೇಕು ಎಂದು ಅಪ್ಪ ಅಂಗೈ ಹಿಡಿದು ಕಲಿಸಿದ್ದ. ಇಲ್ಲಿ ಮೂರು ದಿನದಿಂದ ವಿದ್ಯುತ್ ಕಾರ್ಖಾನೆಯ ಬೂದಿಯನ್ನಷ್ಟೇ ಮಣ್ಣಿಗೆ ಕಲಸಿ ರೋಲರ್ ಹೊಡೆದಿದ್ದರು. ಒಡ್ಡನ್ನು ಗಟ್ಟಿ ಮಾಡಬೇಕಿದ್ದ ಸುಣ್ಣದ ಲಾರಿ ಬೇರೆಲ್ಲೋ ತಿರುಗಿತ್ತು. ಒಡ್ಡಿನ ಆಚೆ ಬೂದಿನೀರಿನ ಕೆರೆ. ಈಚೆ, ನೇರ ಕೆಳಗೆ, ಅವರ ಕೇರಿ. ಬೆಳಿಗ್ಗೆ ಅತ್ತೆ ಮೆಕ್ಕೆಜೋಳದ ಮುದ್ದೆ ತಿರುವುವಾಗ ಒಲೆಯ ಪಕ್ಕದ ನೆಲದಲ್ಲಿ ಬೂದು ನೀರು ಜಿನುಗುತ್ತಿತ್ತು. ಇಬ್ಬರೂ ನೋಡಿದರು.

ಬುಕಾರೆಸ್ಟ್‌ನಿಂದ ಬಂದ ಇನ್‌ಸ್ಪೆಕ್ಟರ್ ಸೀಸೆ ಅಲ್ಲಾಡಿಸಿದ. ಅದರ ಹನಿ ಬಿದ್ದ ಕಡೆ ಸುಣ್ಣವಿದ್ದರೆ ಮಣ್ಣು ಗುಲಾಬಿಯಾಗುತ್ತದೆ. ಪರೀಕ್ಷೆಯ ಜಾಗವೆಂದು ಗ್ರೋಸು ನೆಡಿಸಿದ್ದ ಮೂರು ಗೂಟಗಳ ಬುಡಕ್ಕೆ ಚಿಮುಕಿಸಿದ, ಮೂರೂ ಗುಲಾಬಿ. ಬೆಳಿಗ್ಗೆ ಗ್ರೋಸು ಹೇಳಿದಂತೆ ಆ ಬುಡಗಳಿಗೆ ಬಕೆಟ್ ಸುಣ್ಣ ಸುರಿದವಳು ಝಂಫೀರಾಳೇ.

"ಸಾಹೇಬ್ರೇ," ಆ ದನಿ ತನ್ನದೆಂದು ಅವಳಿಗೇ ಅನಿಸಲಿಲ್ಲ, "ಇಲ್ಲೊಂದ್ ಹನಿ ಬಿಡ್ರಿ. ನಾ ಕೈ ಇಟ್ಟಿದ್ ಜಾಗದಾಗೆ."

"ಏನಂತೆ ಇವಳದು?"

"ಕಾಗೆ ಕೂಗ್ತದೆ ಸಾರ್. ಬೆಳಿಗ್ಗೇನೇ ಪ್ಲಮ್ ಸಾರಾಯಿ ಏರ್ಸಿದಾಳೆ," ಎಂದ ಗ್ರೋಸು.

ಇನ್‌ಸ್ಪೆಕ್ಟರ್ ಸೀಸೆಗೆ ಬಿರಡೆ ಹಾಕಿದ. ಅವಳತ್ತ ನೋಡಲಿಲ್ಲ, ಕೆಳಗಿನ ಮನೆಗಳತ್ತಲೂ ನೋಡಲಿಲ್ಲ. "ಕೇರಿಯವರದೊಂದು ಸಹಿ ಬೇಕು. ಪರೀಕ್ಷೆ ಕಣ್ಣಾರೆ ಕಂಡೆವು ಅಂತ."

ಗ್ರೋಸು ಅವಳನ್ನು ರೋಲರ್ ಮರೆಗೆ ಕರೆದ. ಬೈಯಲಿಲ್ಲ.

"ಹಾಕ್ಬಿಡು ತಂಗಿ. ಹಾಕ್ದಿದ್ರೆ ನಾಳೆ ಬುಲ್ಡೋಜರ್ ಬರ್ತದೆ. ನಿಮ್ ಮನೆಗಳಿಗೆ ಕಾಗದ ಎಲ್ಲೈತೆ? ಹಾಕಿದ್ರೆ... ಗುಡ್ಡದ ಮ್ಯಾಲೆ ನಂದೊಂದು ರೂಮೈತೆ. ಅತ್ತೇನ, ಮಗೂನ ಕರ್ಕಂಡು ಇವತ್ತೇ ಬಂದ್ಬಿಡು."

"ಇವತ್ತೇ ಯಾಕೆ, ಯಜಮಾನ್ರೇ?"

ಗ್ರೋಸು ಬೀಗದ ಕೈಯನ್ನೂ ಪೆನ್ನನ್ನೂ ಅವಳ ಅಂಗೈಗೆ ಒತ್ತಿದ. ಅವನ ಕಣ್ಣು ಒಡ್ಡಿನ ಬುಡದತ್ತ ಹೋಗಿ ಬಂತು. ಒಡ್ಡು ನಿಲ್ಲದೆಂದು ಅವನಿಗೂ ಗೊತ್ತಿತ್ತು.

ಕೆಳಗೆ ಅತ್ತೆ ಹಗ್ಗದ ಮೇಲೆ ಮಗುವಿನ ಬಟ್ಟೆ ಹರವುತ್ತಿದ್ದಳು. ಪಕ್ಕದ ಮನೆಯಲ್ಲೂ ಯಾರೋ ಬಟ್ಟೆ ಹರವುತ್ತಿದ್ದರು. ಅದರ ಪಕ್ಕದಲ್ಲೂ.

ಝಂಫೀರಾ ಕುಕ್ಕರುಗಾಲಲ್ಲಿ ಕೂತು ಪೆನ್ನು, ಬೀಗದ ಕೈ ಎರಡನ್ನೂ ತಣ್ಣನೆ ಮಣ್ಣಿನ ಮೇಲಿಟ್ಟಳು.

"ನಾ ಹಾಕಲ್ಲ. ನಿನ್ ರೂಮೂ ಬ್ಯಾಡ."