ಷಣ್ಮುಖಪ್ಪನ ಒಪ್ಪತ್ತು

ಗಂಡನ ಮೈಯಲ್ಲಿ ಎಲ್ಲಿ ಏನು ಹೆಚ್ಚಿದೆ, ಏನು ಕಡಿಮೆಯಾಗಿದೆ ಎಂದು ಹೇಳಲು ಮಲ್ಲಿಕಾಂಬಳಿಗೆ ಯಾವ ಮಿಷನ್ನೂ ಬೇಕಿರಲಿಲ್ಲ. ವಾರಕ್ಕೊಮ್ಮೆ ಎಣ್ಣೆ ತಿಕ್ಕುವಾಗ ಅಂಗೈಗೇ ಎಲ್ಲ ತಿಳಿಯುತ್ತಿತ್ತು. ಹೆಗಲು ಗಟ್ಟಿ, ತೋಳು ಗಟ್ಟಿ, ಹೊಟ್ಟೆ ಮಾತ್ರ ಮೆತ್ತನೆಯ ಮುದ್ದೆ. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದ ಷಣ್ಮುಖಪ್ಪ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವವನಲ್ಲ, ತುಪ್ಪಕ್ಕೆ ಹೋಳಿಗೆ ಹಾಕಿಕೊಳ್ಳುವವನು. ಆದರೂ ಹಮಾಲರ ಜೊತೆ ನಿಂತು ತಾನೂ ಮೂಟೆ ಎತ್ತುತ್ತಿದ್ದನಾದ್ದರಿಂದ ಆ ಹೊಟ್ಟೆಯ ಹಿಂದೆ ಒಬ್ಬ ಗಂಡಸು ಉಳಿದುಕೊಂಡಿದ್ದ.

ಉಳಿಯಲೇಬೇಕಿತ್ತು. ಕಾರ್ತಿಕದ ಕಡೆಯ ಸೋಮವಾರ ಮಠದ ನಂದಿಕೋಲನ್ನು ಮೊದಲು ಎತ್ತುವ ಹಕ್ಕು ಆ ಮನೆಯದು. ಸೂರು ಮೀರುವ ಎತ್ತರದ ಬಿದಿರ ಗಳು, ಮೈತುಂಬ ಹಿತ್ತಾಳೆ, ತುದಿಯಲ್ಲಿ ಛತ್ರಿ. ಅದರ ಬುಡವನ್ನು ಸೊಂಟದ ಪಟ್ಟಿಯಲ್ಲಿ ಕೂರಿಸಿಕೊಂಡು, ಕರಡೆ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುತ್ತ ಪೇಟೆ ಬೀದಿ ದಾಟಬೇಕು. ಕೋಲು ಎತ್ತುವವನ ಹೆಂಡತಿಯದೇ ಮೊದಲ ಆರತಿ. ವರ್ಷವೆಲ್ಲ ಒಲೆಯ ಮುಂದೆ ಬೇಯುವ ಮಲ್ಲಿಕಾಂಬ ಊರಿನೆದುರು ಎಲ್ಲರಿಗಿಂತ ಮುಂದೆ ನಿಲ್ಲುವ ದಿನ ಅದೊಂದೇ. ಮದುವೆಯಾಗಿ ಬಂದ ವರ್ಷವೇ ಅತ್ತೆ ಆರತಿ ತಟ್ಟೆಯನ್ನು ಅವಳ ಕೈಗಿಟ್ಟು, “ಇದು ನಮ್ಮನೆ ಹೆಣ್ಮಕ್ಕಳ ಆಸ್ತಿ ಕಣೇ, ಕಳ್ಕೊಬ್ಯಾಡ” ಎಂದಿದ್ದಳು. ಗಂಡನ ಮೇಲಿದ್ದುದಕ್ಕಿಂತ ಆ ತಟ್ಟೆಯ ಮೇಲೆ ಮಲ್ಲಿಕಾಂಬಳಿಗೆ ಒಂದು ಗುಲಗಂಜಿ ಹೆಚ್ಚು ಪ್ರೀತಿ. ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಷಣ್ಮುಖಪ್ಪನಿಗೆ ಅಟ್ಟ ಹತ್ತಿದರೂ ಏದುಸಿರು ಶುರುವಾಯಿತು. ಗಂಡ ಹೆಂಡತಿ ಬಸ್ಸು ಹಿಡಿದು ತರೀಕೆರೆಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಅವನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿದರು.

“ಇದು ಇಳೀಬೇಕು, ತೋಳು ತೊಡೆ ಇಳೀಬಾರ್ದು. ಕ್ಯಾಲೊರಿ ಕಡಿಮೆ ಮಾಡಿ. ಅನ್ನ, ಸಿಹಿ, ತುಪ್ಪದಲ್ಲಿ ಕೈ ಬಿಗಿ ಹಿಡೀರಿ. ಕಾಳು, ಹಾಲು, ಮೊಸರು ಚೆನ್ನಾಗಿ ತಗೊಳ್ಳಿ. ಮೂಟೆ ಎತ್ತೋದಂತೂ ಬಿಡಲೇಬೇಡಿ. ಸುಮ್ನೆ ಉಪವಾಸ ಬಿದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗಿಹೋಗುತ್ತೆ,” ಎಂದರು.

ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಮಲ್ಲಿಕಾಂಬ ಹೆಸರುಕಾಳು, ಹುರುಳಿ, ಅಲಸಂದೆ ಎಂದು ದಿನಕ್ಕೊಂದು ಉಸಲಿ ಮಾಡಿದಳು. ಷಣ್ಮುಖಪ್ಪ ಗೊಣಗುತ್ತಲೇ ತಿಂದ, ಮಂಡಿಯಲ್ಲಿ ಮೂಟೆಯನ್ನೂ ಎತ್ತಿದ. ಎಣ್ಣೆ ತಿಕ್ಕುವಾಗ ಹೊಟ್ಟೆ ಇಳಿದದ್ದೂ ತೋಳು ಇದ್ದ ಹಾಗೇ ಇದ್ದದ್ದೂ ಅವಳ ಅಂಗೈಗೆ ತಿಳಿಯಿತು. ತಾನು ಕಟ್ಟಿಕೊಂಡವನಿಗೂ ಒಂದಿಷ್ಟು ಬುದ್ಧಿ ಇದೆ ಎಂದು ಅವಳು ಸಂತೋಷಪಟ್ಟಳು. ಆತುರಪಟ್ಟಳು, ಪಾಪ.

ಲಿಂಗದಹಳ್ಳಿಯಲ್ಲಿ ನೆಂಟರ ಮದುವೆ. ಷಣ್ಮುಖಪ್ಪ ಹೋಳಿಗೆ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದ. ಬಡಿಸುತ್ತಿದ್ದ ಮುದುಕಿ ಬೆರಗಾಗಿ, “ಯಾಕಪ್ಪಾ, ಒಪ್ಪತ್ತು ಹಿಡ್ದಿದೀಯಾ?” ಎಂದಳು. ‘ಹೊಟ್ಟೆ ಬಂದಿದೆ, ಡಾಕ್ಟರು ಬೇಡ ಅಂದಿದಾರೆ’ ಎನ್ನಲು ಈ ಮಹಾಶಯನಿಗೆ ನಾಚಿಕೆ. ಕಣ್ಣು ಮುಚ್ಚಿ, “ಹೂಂ, ಶಿವನಿಚ್ಛೆ” ಎಂದುಬಿಟ್ಟ. ಮುದುಕಿ ಕೈ ಮುಗಿದಳು. ಪಕ್ಕದ ಎಲೆಯವರೂ ಕೈ ಮುಗಿದರು. ಅವತ್ತು ತಿನ್ನದೆ ಬಿಟ್ಟ ಹೋಳಿಗೆಗಿಂತ ಆ ಕೈಮುಗಿತ ಅವನಿಗೆ ರುಚಿಯಾಯಿತು.

ಸುದ್ದಿ ಬಸ್ಸಿಗಿಂತ ಮುಂಚೆ ಅಜ್ಜಂಪುರಕ್ಕೆ ಬಂತು. ಮಂಡಿ ಷಣ್ಮುಖಪ್ಪ ಒಪ್ಪತ್ತು ಹಿಡಿದಿದ್ದಾರಂತೆ ಎಂದು ಕಡೂರು ಕಡೆಯ ವ್ಯಾಪಾರಸ್ಥರೂ ನೋಡಲು ಬಂದರು. ಹಣೆಯ ವಿಭೂತಿ ದಪ್ಪವಾಯಿತು, ಮಾತು ತೆಳುವಾಯಿತು. ನಿನ್ನೆವರೆಗೆ ತೂಕದಲ್ಲಿ ರೈತರಿಗೆ ಟೋಪಿ ಹಾಕುತ್ತಿದ್ದವನು ಇವತ್ತು ಅವರ ತಲೆಯ ಮೇಲೆ ಕೈಯಿಟ್ಟು ಹರಸತೊಡಗಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರೆ. ಇವನು ಹೂವಿನ ಆಸೆಗೆ ಇದ್ದ ಹಿಟ್ಟನ್ನೂ ದೂಡಿದ.

“ರೀ, ಉಸಲಿ ಯಾಕ್ರೀ ಮುಟ್ಲಿಲ್ಲ?” ಎಂದಳು ಮಲ್ಲಿಕಾಂಬ.

“ಒಪ್ಪತ್ತು ಹಿಡ್ದೋನು ಬಟ್ಲುಗಟ್ಲೆ ಕಾಳು ಮುಕ್ಕಿದ್ರೆ ಜನ ಏನಂತಾರೆ? ಒಂದು ಲೋಟ ಗಂಜಿ ಸಾಕು.”

“ಮಂಡೀಲಿ ಮೂಟೆ ಎತ್ತೋದೂ ಬಿಟ್ರಂತಲ್ಲ?”

“ಕಾಲಿಗೆ ಬೀಳಾಕೆ ಬಂದೋರ ಮುಂದೆ ಹಮಾಲಿ ಮಾಡ್ಲಾ?”

“ಡಾಕ್ಟ್ರು ಹೇಳಿದ್ದೇನು, ನೀವು ಮಾಡ್ತಿರೋದೇನು? ಕಾರ್ತೀಕದಲ್ಲಿ ಕೋಲು ಎತ್ತೋರು ಯಾರು, ಕಾಲಿಗೆ ಬೀಳೋರಾ?”

ಷಣ್ಮುಖಪ್ಪ ಜೇಬಿನಿಂದ ಬೀರೂರು ಸ್ಟೇಷನ್ನಿನ ತೂಕದ ಚೀಟಿ ತೆಗೆದು ತೋರಿಸಿದ. ರೈಲು ಹತ್ತಿ ಹೋಗಿ ಕಾಸು ಹಾಕಿ ತೂಗಿಸಿಕೊಂಡು ಬರುವುದು ಈಗ ಅವನ ತೀರ್ಥಯಾತ್ರೆ. ಚೀಟಿಯಿಂದ ಚೀಟಿಗೆ ತೂಕ ಇಳಿದಿತ್ತು.

“ಇಳಿದದ್ದು ಹೊಟ್ಟೆಯೋ ತೋಳೋ ಅಂತ ಅದ್ರಲ್ಲಿ ಬರೆದೈತಾ?” ಎಂದಳು ಅವಳು.

ಅವಳಿಗೆ ಗೊತ್ತಿತ್ತು. ತಿಕ್ಕಿದರೆ ಬೆನ್ನಮೂಳೆ ಸಿಗುತ್ತಿತ್ತು. ತೋಳಿನ ಗಂಟು ಕರಗಿ ಚರ್ಮ ಜೋತಿತ್ತು. ಬೇಡದ ಹೊಟ್ಟೆ ಮಾತ್ರ ಸ್ವಲ್ಪ ಸೊರಗಿ, ಹೋಗಲೊಲ್ಲದ ನೆಂಟನ ಹಾಗೆ ಕೂತೇ ಇತ್ತು. ಅವಳಿಗೆ ಮೈಯೆಲ್ಲ ಉರಿಯಿತು. ಗಂಜಿಗೆ ಹಾಲು ಬೆರೆಸಿಟ್ಟಳು, ಅವನು ವಾಸನೆ ಹಿಡಿದು ಲೋಟ ತಳ್ಳಿದ. ಅತ್ತು ನೋಡಿದಳು, ಜಗಳವಾಡಿ ನೋಡಿದಳು. ಹೆಂಡತಿಯ ಕಣ್ಣೀರು ಎಷ್ಟಾದರೂ ಕೈಮುಗಿತದಷ್ಟು ರುಚಿಯಲ್ಲ.

ಕಾರ್ತಿಕದ ಕಡೆಯ ಸೋಮವಾರ ಬಂತು. ಮಠದ ಮುಂದೆ ಜನವೋ ಜನ. ಈ ಹೊಸ ಸಂತನನ್ನು ನೋಡಲು ಯಗಟಿಯಿಂದಲೂ ಬಂದಿದ್ದರು. ಸೊಂಟದ ಪಟ್ಟಿಯನ್ನು ಒಂದು ಸುತ್ತು ಹೆಚ್ಚಿಗೆ ಬಿಗಿದು ಕೋಲು ಕೂರಿಸಿದರು. ಎರಡನೆಯ ಸರದಿಗೆಂದು ದಾಯಾದಿ ತಮ್ಮ ತೀರ್ಥಪ್ಪ ತಾನೂ ಪಟ್ಟಿ ಬಿಗಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಮೂರು ಹೊತ್ತೂ ರೊಟ್ಟಿ ಬಾರಿಸಿ ತೆಂಗಿನ ತೋಟದಲ್ಲಿ ಅಗೆಯುವ ಆಳು ಅವನು. ಮಲ್ಲಿಕಾಂಬ ತಟ್ಟೆ ಹಿಡಿದು ಮುಂದೆ ಬಂದಳು.

ಅವಳು ಆರತಿ ಎತ್ತುವ ಮೊದಲೇ ಕೋಲು ವಾಲಿತು. ಷಣ್ಮುಖಪ್ಪನ ತೋಳು ಭಾರ ತಡೆಯಲಿಲ್ಲ. ಕೋಲು ಅಂಗಡಿ ಸೂರಿನ ಮೇಲೆ ಬೀಳುವುದರೊಳಗೆ ತೀರ್ಥಪ್ಪ ನುಗ್ಗಿ ಬಂದು ತನ್ನ ಪಟ್ಟಿಗೆ ಕೂರಿಸಿಕೊಂಡ. ಗುಂಪಿನಲ್ಲಿ ಯಾವನೋ ಪುಣ್ಯಾತ್ಮ, “ತ್ಯಾಗ ಕಣ್ರೋ! ಅಣ್ಣ ತಮ್ಮನಿಗೆ ಬಿಟ್ಕೊಟ್ರು!” ಎಂದು ಕೂಗಿದ. ಜನರೆಲ್ಲ ಹರಹರ ಎಂದರು.

ಮಠದ ಹಿರಿಯ ಪಂಚಾಕ್ಷರಪ್ಪ ಕೈಯೆತ್ತಿ ಗದ್ದಲ ನಿಲ್ಲಿಸಿದರು. ಮಠದ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ. ಮೈಯಲ್ಲಿ ಶಕ್ತಿ ಸಾಲದೆ ಇಳಿಸಿದರೆ ಆ ವರ್ಷಕ್ಕಷ್ಟೇ ಬೇರೆಯವರು ಹೊತ್ತು, ಮುಂದಿನ ವರ್ಷ ಹಕ್ಕು ಮರಳಿ ಅದೇ ಮನೆಗೆ. ಬಾಯಾರೆ ಬಿಟ್ಟುಕೊಟ್ಟೆ ಎಂದರೆ ಆ ಮನೆಗೆ ಇನ್ನೆಂದಿಗೂ ಇಲ್ಲ.

“ಏನಪ್ಪಾ ಷಣ್ಮುಖ, ಕೈ ಸೋತಿತೋ, ನೀನೇ ಬಿಟ್ಟೆಯೋ? ಸರಿಯಾಗಿ ಹೇಳು,” ಎಂದರು.

“ಸೋತಿತು ಅನ್ರೀ,” ಎಂದಳು ಮಲ್ಲಿಕಾಂಬ. “ನಿಮ್ಮ ದಮ್ಮಯ್ಯ. ಒಂದು ವರ್ಷ ನೆಟ್ಟಗೆ ಉಂಡು ಮತ್ತೆ ಎತ್ತೀರಂತೆ.”

ಷಣ್ಮುಖಪ್ಪ ಹೆಂಡತಿಯ ಮುಖ ನೋಡಿದ. ಆಮೇಲೆ ಕೈಮುಗಿದು ನಿಂತ ಜನರನ್ನು ನೋಡಿದ. ಒಬ್ಬರಾದ ಮೇಲೊಬ್ಬರು ಅವನ ಕಾಲಿಗೆ ಬೀಳಲು ಸಾಲುಗಟ್ಟಿದ್ದರು. ಅವನು ಕಣ್ಣು ಮುಚ್ಚಿಕೊಂಡ.

“ನಾನೇ ಬಿಟ್ಟೆ,” ಎಂದ.

ತೀರ್ಥಪ್ಪನ ಹೆಂಡತಿ ಗುರುಶಾಂತಮ್ಮ ಹೆದರಿ ಹಿಂದೆ ಸರಿದಳು. ಮಲ್ಲಿಕಾಂಬ ತಾನೇ ನಡೆದುಹೋಗಿ ತಟ್ಟೆಯನ್ನು ಅವಳ ಕೈಗಿಟ್ಟು, ತನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು. “ಹಿಡ್ಕೊ ತಂಗಿ, ನಿಂದೇನೂ ತಪ್ಪಿಲ್ಲ” ಎಂದಳು. ಆಮೇಲೆ ಜನರ ಕಡೆ ತಿರುಗಿದಳು.

“ಮೂರು ತಲೆಮಾರಿನ ಹಕ್ಕನ್ನ ಒಂದೇ ತುತ್ತಿಗೆ ನುಂಗಿದ್ರು. ಇವರನ್ನ ಉಪವಾಸದೋರು ಅಂತೀರಲ್ರೋ!”

ಕರಡೆ ಬಾರಿಸುವವನು ಬಡಿಯಲು ಎತ್ತಿದ ಕಡ್ಡಿಯನ್ನು ಹಾಗೇ ಹಿಡಿದು ನಿಂತ. ಷಣ್ಮುಖಪ್ಪನ ಕಾಲಿಗೆ ಬೀಳಲು ಬಾಗಿದ್ದವನೊಬ್ಬ ಅರ್ಧಕ್ಕೇ ನೆಟ್ಟಗಾದ.