ಬಾಲದಳತೆಯ ಕಡ್ಡಿ

ನಿನ್ನ ಓದಿನಂಗೇ ಇದರ ಬಾಲಾನೂ ಅರ್ಧಕ್ಕೇ ನಿಂತೋಗೈತಲ್ಲೋ, ಅಂದ ರಾಮಣ್ಣ, ಕಣಕಟ್ಟೆ ಬಸ್ಸು ನಿಲ್ಲುವಲ್ಲಿ, ಟೀ ಅಂಗಡಿ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಎಂಟು ಹತ್ತು ಜನದ ಎದುರಿಗೆ, ಎಲ್ಲರೂ ನಕ್ಕರು, ಟೀ ಸೋಸುತ್ತಿದ್ದವನೂ ಕೈ ನಿಲ್ಲಿಸಿ ನಕ್ಕ, ನನಗೆ ಕಂಡದ್ದು ಅವನ ಕೈಯ ಬಟ್ಟೆಯಿಂದ ತೊಟ್ಟಿಕ್ಕುತ್ತಿದ್ದ ಟೀ ಮಾತ್ರ, ಒಂದು ಹನಿ, ಇನ್ನೊಂದು ಹನಿ — ಮೋಟು ಬಾಲವಷ್ಟೇ ಹೊರಗೆ, ಟವಲಿನೊಳಗೆ ನಾಯಿ ನನ್ನ ಎದೆಗೆ ಬಿಸಿಯಾಗಿ ಉಸಿರು ಬಿಡುತ್ತಿದೆ, ಅಂಗೈ ಎರಡು ಕೂಡಿಸಿದಷ್ಟು ನಾಯಿ, ಬಾಡಿದ ವೀಳ್ಯದೆಲೆಯಂಥ ಕಿವಿ — ರಾಮಣ್ಣ ಬಿಡಲಿಲ್ಲ, ತೋಟದ ಕಾವಲಿಗೆ ನಾಯಿ ತತ್ತೀನಿ ಅಂತ ಅರಸೀಕೆರೆಗೆ ಹೋದೋನು ಇಲಿ ತಂದವ್ನೆ ಕಣ್ರಪ್ಪ, ಕಾಯಿ ಕದಿಯೋರು ಇದನ್ನೂ ಜೇಬಿಗೆ ಹಾಕ್ಕೊಂಡು ಹೋಗ್ತಾರೆ, ಯಾರ್ದ್ಲಾ ಇದು, ನಿಂದೇನಾ. ಹಲ್ಲು ಉದುರಿಸಬೇಕಿತ್ತು. ಅವನ ತೋಟ ಕಾಯುವ ಆಳು ನಾನು, ಆದರೂ ಉದುರಿಸಬೇಕಿತ್ತು. ಬಾಯಿಂದ ಬಂದದ್ದು ಬೇರೆ. ನಂದಲ್ಲ, ಯಾರೋ ಬಸ್ಸಲ್ಲಿ ಬಿಟ್ಟೋಗಿದ್ರು. ನಂದಲ್ಲ ಅಂದೆ, ಅಂದು ಟವಲು ಬಿಚ್ಚಿ ಅದನ್ನು ದೂಳಿಗೆ ಇಳಿಸಿದೆ, ಟವಲು ಕೊಡವಿದೆ ಬೇರೆ, ಹೊಲಸು ಮುಟ್ಟಿದವನ ಹಾಗೆ, ಯಾರೂ ಹೇಳದೆಯೇ ಕೊಡವಿದೆ.

ಈಗ ನಡೆಯುತ್ತಿದ್ದೇನೆ, ಎರಡೂ ಕೈ ಜೇಬಿನಲ್ಲಿ, ಬಲಗೈಗೆ ಕಡ್ಡಿ ಸಿಗುತ್ತದೆ, ಬೆರಳಿನ ಎರಡು ಗೆಣ್ಣಿನಷ್ಟು ಕಡ್ಡಿ, ಬೆಳಿಗ್ಗೆ ಅವ್ವ ಪೊರಕೆಯಿಂದ ಕಿತ್ತು ಕೊಟ್ಟಾಗ ಮೊಳದುದ್ದ ಇತ್ತು. ಈ ಕಡ್ಡೀನ ನಾಯಿ ಬಾಲಕ್ಕೆ ಹಿಡಿದು ಅಷ್ಟುದ್ದಕ್ಕೆ ಮುರಿ ಕಣಪ್ಪ, ತಂದು ನಮ್ಮ ತಿಪ್ಪೇಲಿ ಹೂಳು, ಆಮೇಲೆ ಅದು ಮನೆ ಬಿಟ್ಟು ಹೋಗಾಕಿಲ್ಲ, ಊರಲ್ಲಿ ಎಲ್ಲರೂ ಹಾಗೇ ಮಾಡುವುದು, ದೊಡ್ಡ ನಾಯಿ ಬರುತ್ತದೆಂದು ಅವ್ವ ಉದ್ದದ ಕಡ್ಡಿಯನ್ನೇ ಆರಿಸಿದ್ದಳು. ದೊಡ್ಡ ನಾಯಿಯೂ ಇತ್ತು ಅಲ್ಲಿ, ಅರಸೀಕೆರೆ ಸ್ಟೇಷನ್ನಿನ ಹಿಂದೆ, ಯದುಗಿರಿ ಟೀಚರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ವರ್ಗವಾದ ರೈಲ್ವೆಯವರು ಬಿಟ್ಟುಹೋದ ನಾಯಿಗಳನ್ನೆಲ್ಲ ಆಕೆ ಅಲ್ಲಿ ಸಾಕುವುದು, ಅಯ್ಯಂಗಾರರ ಮನೆ ಹೆಂಗಸಿಗೆ ನಾಯಿ ಯಾಕೆ ಎಂದು ಬೀದಿಯೆಲ್ಲ ಆಡಿಕೊಂಡರೂ ಆಕೆ ಸಾಕುವುದು — ಒಂದು ಕರೀ ನಾಯಿ, ಎದೆಯೆತ್ತರ ಹಾರುವುದು, ಅದನ್ನೇ ತರಬೇಕಿತ್ತು, ಆಗ ಇಂಜಿನ್ನು ಕೂಗಿತು, ಮೂಲೆಯಲ್ಲಿದ್ದ ಇದು ಎದ್ದು ಬಾಗಿಲಿಗೆ ಮುಖ ಮಾಡಿ ಕೂತಿತು. ಯಾಕಮ್ಮ ಹಂಗೆ ಕೂತೈತೆ. ಇದರ ಯಜಮಾನ ಇಂಗ್ಲಿಷ್ ಮಾತಾಡೋ ರೈಲ್ವೆ ಗಾರ್ಡು ಕಣೋ, ಹಡಗು ಹತ್ತಿ ದೇಶಾನೇ ಬಿಟ್ಟು ಹೋದ, ಇದು ಮಾತ್ರ ಪ್ರತಿ ಗಾಡಿಗೂ ಹೀಗೆ ಕೂತ್ಕೊಳತ್ತೆ, ಸೋಮವಾರ ಮುನಿಸಿಪಾಲಿಟಿಯವರು ಶೆಡ್ಡು ಖಾಲಿ ಮಾಡಿಸ್ತಾರೆ, ದೊಡ್ಡವನ್ನ ಯಾರಾದರೂ ಒಯ್ತಾರೆ, ಇದನ್ನ ಯಾರು ಒಯ್ತಾರೆ, ಕೊಂದು ಗುಂಡಿಗೆ ಹಾಕೋದೇ ಸರಿ. ನಾನು ಒಯ್ತೀನಿ ಅಂದೆ. ಯಾಕೆ ಅಂದೆನೋ. ಅಂದದ್ದು ನಾನೇ.

ಆಕೆಗೆ ನನ್ನ ಗುರುತು ಸಿಕ್ಕಿತ್ತು. ಮೊದಲು ನಮ್ಮೂರ ಸ್ಕೂಲಿನಲ್ಲಿದ್ದವರು, ಐದನೇ ಕ್ಲಾಸಿನಲ್ಲಿ ಹೆಡ್‌ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಪಾಠ ಓದಿಸಿ ಎಲ್ಲರನ್ನೂ ನಗಿಸಿದ ಮೇಲೆ ನಾನು ಆ ಕಡೆಗೆ ತಲೆಹಾಕಲಿಲ್ಲ, ಆಗ ಈ ಟೀಚರು ಎರಡು ಸಲ ನಮ್ಮ ಹೊಸ್ತಿಲಿಗೆ ಬಂದಿದ್ದರು, ಗಿಡ್ಡಮ್ಮ, ಮಗನ್ನ ಕಳಿಸಿ, ನಾನು ಕೂರಿಸಿಕೊಂಡು ಹೇಳಿಕೊಡ್ತೀನಿ, ಅವ್ವ ಇಲ್ಲ ಕಣ್ರಮ್ಮ ಹೊಲಕ್ಕೋಗವ್ನೆ ಎನ್ನುತ್ತಿದ್ದಳು, ನಾನು ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೆ. ಇವತ್ತು ಆ ಮಾತನ್ನೇ ಎತ್ತಲಿಲ್ಲ. ಕಾಗದ ಕೊಟ್ಟು ನೀನೇ ಬರಿ ಅಂದರು, ಈ ನಾಯಿಯನ್ನು ಹೊಡೆಯುವುದಿಲ್ಲ, ಕಟ್ಟಿಹಾಕುವುದಿಲ್ಲ, ಬಿಟ್ಟುಬಿಡುವುದಿಲ್ಲ, ಬೆವರುತ್ತ ಬರೆದೆ, ಒತ್ತಕ್ಷರಗಳೆಲ್ಲ ತಪ್ಪಿರಬೇಕು, ಆಕೆ ಓದಿ, ತಿದ್ದದೆ, ಮಡಚಿ ಸೆರಗಿಗೆ ಗಂಟು ಹಾಕಿಕೊಂಡರು. ತಿದ್ದಲಿಲ್ಲ. ಬಸ್ಸಿನಲ್ಲಿ ಬಾಲಕ್ಕೆ ಕಡ್ಡಿ ಹಿಡಿದರೆ ಮೋಟು ಬಾಲ, ಹುಟ್ಟಿದಾಗಲೇ ಯಾರೋ ಕತ್ತರಿಸಿದ್ದು, ಈ ಜಾತಿಗೆ ಅದೇ ಅಂದವಂತೆ, ಇಷ್ಟೇ ಇಷ್ಟಕ್ಕೆ ಮುರಿದು ಜೇಬಿಗೆ ಹಾಕಿದೆ, ನಗು ಬಂದಿತ್ತು ಆಗ, ಒಬ್ಬನೇ ನಕ್ಕಿದ್ದೆ.

ಹಿಂದೆ ಸಣ್ಣ ಸದ್ದು, ದೂಳಿನಲ್ಲಿ ಪುಟಪುಟ ಪುಟಪುಟ, ನಾನು ಜೋರಾಗಿ ನಡೆದರೆ ಅದೂ ಜೋರು, ತಿರುಗುವುದಿಲ್ಲ, ತಿರುಗಿದರೆ ಆ ಮುಖ, ಬಾಗಿಲ ಕಡೆ ಮಾಡಿದ್ದ ಮುಖ, ಅದಕ್ಕೆ ಕನ್ನಡ ಬರುವುದಿಲ್ಲ, ನಂದಲ್ಲ ಅಂದದ್ದು ತಿಳಿದಿಲ್ಲ, ತಿಳಿದಿದ್ದರೆ ಚೆನ್ನಾಗಿತ್ತು, ಬೊಗಳಿದ್ದರೆ, ಕಚ್ಚಿದ್ದರೆ. ಲೋ, ರಾಮಣ್ಣನ ಗಂಟಲು ಬೆಂಚಿನಿಂದ ಬರುತ್ತದೆ, ನಿಂದಲ್ಲ ಅಂದ್ಯಲ್ಲೋ, ಮತ್ಯಾಕ್ಲಾ ನಿನ್ನ ಹಿಂದೆ ಬತ್ತೈತೆ, ಮತ್ತೆ ನಗು, ಹೇಳ್ಲಾ, ನಿಂದೋ ಅಲ್ವೋ, ನಂದು ಅನ್ನುವುದಕ್ಕೆ ಎಷ್ಟು ಉಸಿರು ಬೇಕು, ಒಂದು ಉಸಿರು, ಅದೂ ಇಲ್ಲ, ನಡೆಯುತ್ತೇನೆ, ವಾಡೆಯ ಹಿಂದೆ ಕೂತವನೇ ನಡೆಯುತ್ತಿದ್ದಾನೆ, ತಿಪ್ಪೆಯಲ್ಲಿ ಹೂತರೆ ನಾಯಿ ಮನೆ ಬಿಟ್ಟು ಹೋಗುವುದಿಲ್ಲ ಸರಿ, ಬಿಟ್ಟುಹೋಗುವವನು ನಾನಾದರೆ ಯಾರ ಅಳತೆಗೆ ಏನನ್ನು ಮುರಿದು ಎಲ್ಲಿ ಹೂಳುವುದು, ಹೇಳ್ಲಾ, ಪುಟಪುಟ, ಹೇಳ್ಲಾ, ನಡೆಯುತ್ತೇನೆ, ಬೆರಳ ನಡುವೆ ಕಡ್ಡಿ, ಎರಡು ಗೆಣ್ಣಿನಷ್ಟು, ಕಡ್ಡಿ —